ತಲೆಕೆಳಗಿನ ಪುಸ್ತಕಗಳು

ಜಹೀರುದ್ದೀನ್ ತೀರಿಕೊಂಡ ಮೇಲೆ ಅಸ್ಗರಿ ಬೇಗಂ ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟಲಿಲ್ಲ. ಗಂಡ ಸತ್ತವಳು ಅಷ್ಟು ದಿನ ಇದ್ದತ್ ಕೂರಬೇಕು. ಕೂತಳು. ಹೆಂಗಸರು ಬಂದು ಸಬರ್ ಮಾಡು, ತಾಳ್ಮೆ ತಂದುಕೋ ಅಂದರು. ತಂದುಕೊಂಡಳು. ತಂದುಕೊಳ್ಳದೆ ಇನ್ನೇನು ಮಾಡುವುದಿತ್ತು.

ಇದ್ದತ್ ಮುಗಿದ ಮೂರನೆಯ ದಿನ ಅಂದಾನಯ್ಯ ಗಂಜಾಂನ ಅವಳ ಮನೆಗೆ ಬಂದರು. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರ ಇರುವ ಪುಸ್ತಕದ ಅಂಗಡಿ ಅವರದು. ಜಹೀರುದ್ದೀನ್ ಅಲ್ಲಿ ಇಪ್ಪತ್ತಾರು ವರ್ಷ ಕೆಲಸಕ್ಕಿದ್ದ. ಅವರು ಒಳಗೆ ಬರಲಿಲ್ಲ. ಜಗಲಿಯ ಮೇಲೆ ಕೂತು ಮಂಡಿ ನೀವಿಕೊಂಡರು.

“ನೋಡು ತಾಯಿ, ಮಂಡಿ ಇಡ್ಕಂಡ್ಬುಟ್ಟದೆ. ದಿನಾ ಅಂಗಡೀಲಿ ಕೂರಕ್ಕೆ ನನ್ ಕೈಲಾಗಕಿಲ್ಲ. ನೀನು ಬಂದು ಕೂತ್ಕ. ಅವನಿಗೆ ಕೊಡ್ತಿದ್ದ ಸಂಬಳನೇ ನಿಂಗೂ ಕೊಡ್ತೀನಿ.”

“ನಂಗೆ ಓದಕ್ಕೆ ಬರಕಿಲ್ವಲ್ಲಯ್ಯ.”

“ಬೆಲೆ ಹಿಂದ್ಗಡೆ ಪ್ರಿಂಟಾಗಿರ್ತದೆ. ಅಂಕಿ ಬತ್ತದಲ್ಲ?”

“ಬತ್ತದೆ.”

“ಮತ್ತಿನ್ನೇನು. ಎರಡು ಡಿಗ್ರಿ ಮಾಡಿರೋ ನನ್ ಮಗ ಒಂದಿನ ಬಂದು ಕೂತವ್ನಾ? ಓದಿದೋರ್ನೂ ನೋಡಿವ್ನಿ, ಬಾ.”

ಅಸ್ಗರಿ ಉರ್ದು ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು. ಅಲ್ಲಿ ಕನ್ನಡದ ಅಕ್ಷರಗಳನ್ನೂ ಕಲಿಸಿದ್ದರು. ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು. ಆದರೆ ಅವಳು ಪಾಂಡವಪುರ ಅಂತ ಕೂಡಿಸಿಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ಅಂಗಡಿಯಲ್ಲಿ ಕೂರುವ ಹಣೆಬರಹ ಯಾಕೆ, ನಮ್ಮ ಮನೆಗೆ ಬಂದುಬಿಡು ಎಂದು ನಾಗಮಂಗಲದಿಂದ ಮಗಳು ಇಫ್ಫತ್ ಫೋನಿನಲ್ಲಿ ಅತ್ತಳು. ಅಳಿಯನ ಮನೆಯ ಅನ್ನ ಒಂದು ವಾರ ಸಿಹಿ, ಆಮೇಲೆ ಗಂಟಲಲ್ಲಿ ನಿಲ್ಲುತ್ತದೆ. ಅಸ್ಗರಿ ಹೋಗಲಿಲ್ಲ.

ಅವಳು ಒಪ್ಪಿದ್ದು ಸಂಬಳಕ್ಕೆ. ಸುಳ್ಳು ಹೇಳುವುದು ಯಾಕೆ. ಆದರೆ ಅದೊಂದಕ್ಕೇ ಅಲ್ಲ. ಗಂಡ ದಿನದ ಬೆಳಕನ್ನೆಲ್ಲ ಕಳೆದ ಜಾಗವನ್ನು ಅವಳು ಇಪ್ಪತ್ತಾರು ವರ್ಷದಲ್ಲಿ ಎರಡು ಸಲ ಮಾತ್ರ ನೋಡಿದ್ದಳು, ಅದೂ ಬಾಗಿಲಲ್ಲಿ ನಿಂತು. ಮನೆಗೆ ಬರುತ್ತಿದ್ದವನು ದಣಿದ ಗಂಡಸು. ಉಳಿದ ಗಂಡಸು ಅಲ್ಲಿದ್ದ. ಅವನನ್ನು ಒಂದು ಸಲ ನೋಡಬೇಕು ಅನಿಸಿತ್ತು.

ಅಂಗಡಿಗೆ ಸೇರಿದ ಹೊಸದರಲ್ಲಿ ಅವನು ಊಟಕ್ಕೆ ಕೂತಾಗ ಪುಸ್ತಕದ ಕತೆ ತೆಗೆಯುತ್ತಿದ್ದ. ಇವತ್ತು ಒಂದು ಓದಿದೆ, ಅದರಲ್ಲಿ ಒಬ್ಬ ದೋಣಿಯವನು ಬರುತ್ತಾನೆ, ಅಂತ ಶುರು ಮಾಡುತ್ತಿದ್ದ. ಅವಳು, ಮೊದಲು ಉಣ್ಣಿ, ಸಾರು ಆರುತ್ತದೆ ಅನ್ನುತ್ತಿದ್ದಳು. ಉಂಡಾದ ಮೇಲೆ ಅವಳಿಗೆ ಪಾತ್ರೆ, ಅವನಿಗೆ ನಿದ್ದೆ. ಯಾವಾಗಲೋ ಹೇಳುವುದನ್ನು ಬಿಟ್ಟ. ಬಿಟ್ಟದ್ದು ಯಾವ ವರ್ಷ ಅಂತ ಕೇಳಿದರೆ ಅವಳಿಗೆ ಗೊತ್ತಿಲ್ಲ.

ಸಂಕ್ರಾಂತಿ ಕಳೆದ ಸೋಮವಾರ ಅವಳು ಅಂಗಡಿಯ ಬೀಗ ತೆಗೆದಳು. ಮುಂದೆ ನೋಟ್ ಪುಸ್ತಕ, ಪೆನ್ನು, ಸ್ಕೂಲಿನ ಸಾಮಾನು. ಹಿಂದಿನ ಗೋಡೆಯ ತುಂಬ ನೆಲದಿಂದ ಸೂರಿನವರೆಗೆ ಕತೆ ಪುಸ್ತಕ. ಆರುನೂರಕ್ಕೆ ಕಡಿಮೆ ಇರಲಿಲ್ಲ. ನಾಲ್ಕು ತಿಂಗಳ ಧೂಳು ಕೂತಿತ್ತು.

ಹತ್ತಿರ ಹೋಗಿ ನೋಡಿದಳು. ಕೆಲವು ಪುಸ್ತಕ ತಲೆಕೆಳಗಾಗಿ ನಿಂತಿದ್ದವು. ಮೇಲಿನ ಸಾಲಿನಲ್ಲಿ ಎರಡು, ಅದರ ಕೆಳಗೆ ಐದು, ಹೀಗೆ ಗೋಡೆಯುದ್ದಕ್ಕೂ ನಲವತ್ತೋ ಐವತ್ತೋ. ಓದಲು ಬಾರದಿದ್ದರೂ ಅಕ್ಷರ ಉಲ್ಟಾ ಇದ್ದರೆ ಗೊತ್ತಾಗುತ್ತದೆ. ಕೊನೆಯ ತಿಂಗಳುಗಳಲ್ಲಿ ಗಂಡನ ಕೈ ನಡುಗುತ್ತಿತ್ತು. ಲೋಟ ಹಿಡಿದರೆ ನೀರು ಚೆಲ್ಲುತ್ತಿತ್ತು. ಪುಸ್ತಕ ನೆಟ್ಟಗೆ ಇಡುವುದಕ್ಕೂ ಆಗದೆ ಹೋಗಿತ್ತು, ಬಂದವರು ನೋಡಿ ಏನಂದುಕೊಂಡರೋ ಅಂತ ಅವಳು ತಿಳಿದಳು. ಇನ್ನೊಂದು ಮಾತೂ ಇತ್ತು. ಅವಳ ತಾಯಿಯ ಮನೆಯಲ್ಲಿ ಪುಸ್ತಕ ಕೆಳಗೆ ಬಿದ್ದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳಬೇಕು. ತಲೆಕೆಳಗೆ ಇಟ್ಟರೆ ಬೆನ್ನಿಗೆ ಏಟು. ಅಕ್ಷರಕ್ಕೆ ಬೇಅದಬಿ, ಅಂದರೆ ಅವಮರ್ಯಾದೆ, ಮಾಡಿದ ಮನೆ ಉದ್ಧಾರ ಆಗುವುದಿಲ್ಲ ಅನ್ನುತ್ತಿದ್ದರು.

ಸೆರಗು ಸಿಕ್ಕಿಸಿ ನಿಂತಳು. ಒಂದೊಂದೇ ಸಾಲನ್ನು ನೆಲಕ್ಕಿಳಿಸಿದಳು. ಹಲಗೆ ಒರೆಸಿದಳು. ಪುಸ್ತಕಗಳನ್ನು ಒದ್ದೆ ಬಟ್ಟೆಯಿಂದ ನಾಲ್ಕೂ ಕಡೆ ಒರೆಸಿ, ಒಣಬಟ್ಟೆಯಿಂದ ತಿಕ್ಕಿ, ದೊಡ್ಡದು ಮೊದಲು ಚಿಕ್ಕದು ಆಮೇಲೆ ಅಂತ ಎತ್ತರ ನೋಡಿ ಜೋಡಿಸಿದಳು. ತಲೆಕೆಳಗಿದ್ದುದನ್ನೆಲ್ಲ ನೆಟ್ಟಗೆ ಮಾಡಿದಳು. ಮಧ್ಯಾಹ್ನದ ಅಜಾನ್ ಕೇಳುವ ಹೊತ್ತಿಗೆ ಗೋಡೆ ಕನ್ನಡಿಯ ಹಾಗಾಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಎದೆ ಹಗುರವಾಯಿತು. ಗಂಡನ ತಪ್ಪನ್ನು ಯಾರಿಗೂ ಕಾಣದ ಹಾಗೆ ಮುಚ್ಚಿದೆ ಅಂದುಕೊಂಡಳು.

ಮೂರು ಗಂಟೆಗೆ ಅಂದಾನಯ್ಯ ಬಂದರು. ಗೋಡೆಯ ಎದುರು ನಿಂತರು. ಒಂದೊಂದು ಸಾಲನ್ನೂ ಕಣ್ಣಲ್ಲೇ ಹುಡುಕಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತರು.

“ತಾಯಿ, ಉಲ್ಟಾ ಇದ್ವಲ್ಲ, ಅವೆಲ್ಲೋದೋ?”

“ನೆಟ್ಟಗ್ ಮಾಡ್ದೆ ಅಯ್ಯ. ಪಾಪ, ಇವರ ಕೈ ನಡುಗ್ತಿತ್ತು.”

“ಕೈ ನಡುಗಿದ್ದಲ್ಲ ಕಣವ್ವ.” ಅವರು ಟವೆಲಿನಿಂದ ಮುಖ ಒರೆಸಿಕೊಂಡರು. “ಅವು ಅವನು ಜನಕ್ಕೆ ಏಳೋ ಪುಸ್ತಕ. ಅವನು ಓದಿ, ಇದು ಚೆನ್ನಾಗದೆ ಅನ್ನುಸ್ದ್ರೆ ತಿರುಗ್ಸಿ ಇಡೋನು. ಯಾರಾದ್ರೂ ಬಂದು ಏನ್ ಓದ್ಲಿ ಜಹೀರಣ್ಣ ಅಂದ್ರೆ, ಸೀದಾ ಓಗಿ ಉಲ್ಟಾ ಇರೋದ್ರಲ್ಲಿ ಒಂದು ತೆಗ್ದು ಕೊಡೋನು. ಮೊದಲ್ನಿಂದ್ಲೂ ಅಂಗೇ ಮಾಡ್ಕಂಡ್ ಬಂದವ್ನೆ.”

ಅಸ್ಗರಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗೋಡೆಯ ಕಡೆ ತಿರುಗಿದಳು.

“ಯಾವ್ಯಾವು ಅಂತ ನಿಮಗೆ ಗೊತ್ತಿಲ್ವಾ ಅಯ್ಯ?” ಎಂದು ಕೇಳಿದಳು.

“ನಂಗೇನು ಗೊತ್ತು. ನಾನು ನೋಟ್ ಪುಸ್ತಕ ಮಾರೋಕೆ ಅಂಗಡಿ ಇಟ್ಟೋನು. ಈ ಗೋಡೆ ಅವಂದು. ಒಂದು ಪಟ್ಟಿ ಬರ್ದಿಡೋ ಅಂದೆ. ಪಟ್ಟಿ ಬರ್ದ್ರೆ ಜನ ಪಟ್ಟಿ ಓದ್ಕಂಡು ಓಯ್ತಾರೆ ಧಣಿ, ಪುಸ್ತಕ ಓದಕಿಲ್ಲ ಅಂದ. ಬಡ್ಡಿಮಗ, ಎಲ್ಲದಕ್ಕೂ ಒಂದು ಉತ್ತರ.”

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: ಈ ಗೋಡೆ ಓಡುತ್ತಿದ್ದದ್ದು ಅವನ ಮಾತಿನ ಮೇಲೆ. ಅವನಿಲ್ಲದೆ ನಾಲ್ಕು ತಿಂಗಳಲ್ಲಿ ಹನ್ನೊಂದು ಪುಸ್ತಕ ಹೋಗಿವೆ. ಮೇ ಕೊನೆಯಲ್ಲಿ ಸ್ಕೂಲು ಶುರುವಾಗುತ್ತದೆ. ಅಷ್ಟರಲ್ಲಿ ಇದನ್ನು ತೆಗೆದು ಗೈಡುಗಳನ್ನೂ ಒಂದು ಜೆರಾಕ್ಸ್ ಮಿಷನನ್ನೂ ಇಡಬೇಕು. ಅಲ್ಲಿಯವರೆಗೆ ಇರಲಿ.

ಅವತ್ತು ಅವಳು ಮನೆಗೆ ನಡೆದೇ ಹೋದಳು. ಅವನು ಸತ್ತಾಗ ಹೆಂಗಸು ಅಂತ ಖಬರಸ್ತಾನಕ್ಕೆ ಬಿಡಲಿಲ್ಲ, ಮಣ್ಣು ಹಾಕಿದ್ದು ಗಂಡಸರು. ಅವನದು ಅಂತ ಉಳಿದಿದ್ದಕ್ಕೆ ಇವತ್ತು ಅವಳೇ ಮಣ್ಣು ಹಾಕಿದ್ದಳು. ಅವನು ಮನೆಯಲ್ಲಿ ಹೇಳದೆ ಬಿಟ್ಟದ್ದೆಲ್ಲ ಆ ಗೋಡೆಯಲ್ಲಿ ತಿರುಗಿ ನಿಂತಿತ್ತು. ಅವುಗಳಲ್ಲಿ ಒಂದಾದರೂ ಯಾವುದು ಅಂತ ಗೊತ್ತಾಗಬೇಕು. ಒಂದು ಸಾಕು. ಆಮೇಲೆ ಗೋಡೆ ಹೋದರೆ ಹೋಗಲಿ.

ಮೊದಲು ಸಿಕ್ಕಿದವನು ಸಿದ್ದೇಶ. ಕೆ.ಆರ್. ಪೇಟೆ ಕಡೆಯ ಬಸ್ಸಿನ ಕಂಡಕ್ಟರು, ಊರು ಹೊಸಹೊಳಲು. ಬಸ್ಸು ನಿಂತ ಹತ್ತು ನಿಮಿಷದಲ್ಲಿ ಟೀ ಕುಡಿದು ಅಂಗಡಿಗೆ ಬಂದು ಹೋಗುವುದು ಅವನ ರೂಢಿ. ಅವಳು ನಡೆದದ್ದನ್ನು ಮುಚ್ಚಿಡದೆ ಹೇಳಿದಳು.

ಅವನು ಟಿಕೆಟ್ ಮಿಷನನ್ನು ಹೆಗಲಿಂದ ಸರಿಸಿ ಯೋಚಿಸಿದ. “ಅಕ್ಕ, ಧೂಳು ನೋಡಿ. ನೆಟ್ಟಗಿರೋ ಪುಸ್ತಕಕ್ಕೆ ತಲೆ ಮೇಲೆ ಧೂಳು ಕೂರ್ತದೆ. ಉಲ್ಟಾ ಇದ್ದಿದ್ದುಕ್ಕೆ ಬುಡುದ್ ಮೇಲೆ ಕೂತಿರ್ತದೆ. ಸಿಕ್ಕೋಯ್ತವೆ.”

“ಒರೆಸ್ಬುಟ್ಟೆ.”

“ಎಲ್ಲಾನೂ?”

“ನಾಲ್ಕೂ ಕಡೆ. ಒದ್ದೆ ಬಟ್ಟೇಲಿ.”

ಸಿದ್ದೇಶ ಅವಳ ಮುಖ ನೋಡಿದ. “ಏನಕ್ಕ ನೀವು, ಕಳ್ಳ ಕೂಡ ಇಷ್ಟು ನೀಟಾಗಿ ಗುರುತು ಅಳಿಸಕಿಲ್ಲ.”

ನಗಿಸಲು ಅಂದದ್ದು. ಅವಳು ನಗಲಿಲ್ಲ. ಅವನಿಗೆ ನಾಚಿಕೆಯಾಗಿ, ಬಸ್ಸಿನಲ್ಲಿ ಜಹೀರಣ್ಣನ ಹತ್ತಿರ ಪುಸ್ತಕ ತಗೊಂಡವರು ತುಂಬ ಜನ ಬರುತ್ತಾರೆ, ಕೇಳಿಕೊಂಡು ಬರುತ್ತೇನೆ ಅಂದ. ಮಾತು ಉಳಿಸಿಕೊಂಡ. ಕೆ.ಆರ್. ಪೇಟೆಯ ಟೈಲರಿಗೆ ಜಹೀರುದ್ದೀನ್ ದೋಣಿಯ ಚಿತ್ರದ ಪುಸ್ತಕ ಕೊಟ್ಟಿದ್ದನಂತೆ. ಪಾಂಡವಪುರದ ಮೇಷ್ಟರಿಗೆ ಕಳ್ಳರ ಕತೆ. ಕಾರ್ಖಾನೆ ಬಿಟ್ಟ ಒಬ್ಬರಿಗೆ ಹಕ್ಕಿಗಳ ಮೇಲಿನದು. ಸಿದ್ದೇಶನಿಗೆ ಒಂಬತ್ತು. ಎಲ್ಲವೂ ಅವರವರ ಮನೆಯಲ್ಲಿದ್ದವು. ಅವನು ಹೇಳಿದ್ದನ್ನು ಜನ ಒಯ್ದಿದ್ದರು. ಒಯ್ಯದೆ ಉಳಿದ ನಲವತ್ತೋ ಐವತ್ತೋ ಯಾವುವು ಅಂತ ಒಯ್ದವರಿಗೆ ಹೇಗೆ ಗೊತ್ತಿರುತ್ತದೆ. ಒಂದು ತಿಂಗಳು ಕೇಳಿದ ಮೇಲೆ ಅಸ್ಗರಿಗೆ ಇದು ತಿಳಿಯಿತು.

ಫೆಬ್ರವರಿ ಕೊನೆಯಲ್ಲಿ ಮುತ್ತಮ್ಮ ಬಂದಳು. ದೇವಲಾಪುರದ ಕಡೆಯ ಅಂಗನವಾಡಿಯ ಹೆಂಗಸು. ವರ್ಷಕ್ಕೆ ನಾಲ್ಕೈದು ಸಲ ನಿಮಿಷಾಂಬಾ ಗುಡಿಗೆ ಬರುತ್ತಿದ್ದಳು, ಬಂದಾಗಲೆಲ್ಲ ಒಂದು ಪುಸ್ತಕ. ಜಹೀರುದ್ದೀನ್ ಇಲ್ಲ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಕೇಳಿ ಅಲ್ಲೇ ಕುಸಿದು ಕೂತಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳು ಅತ್ತದ್ದು ನೋಡಿ ಅಸ್ಗರಿಗೆ ಹೊಟ್ಟೆಕಿಚ್ಚಾಯಿತು. ಈ ಹೆಂಗಸಿಗೆ ಅವನು ಎಷ್ಟು ಕತೆ ಹೇಳಿರಬಹುದು ಅನಿಸಿತು.

“ಬಂದಿದ್ದೇ ನನ್ ಮಗಳಿಗೆ ಒಂದು ಪುಸ್ತಕ ಕೊಡಿ ಅಂತ ಕೇಳಕ್ಕೆ,” ಅಂದಳು ಮುತ್ತಮ್ಮ. “ಈಗ ಯಾರ್ನ ಕೇಳ್ಲಿ?”

ಗೊತ್ತಿಲ್ಲ ಅನ್ನಬೇಕಿತ್ತು. ಅಷ್ಟು ದೂರದಿಂದ ಬಂದವಳನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ಅದಕ್ಕಿಂತ, ಅವನ ಬಗ್ಗೆ ತನಗೂ ಒಂದಿಷ್ಟು ಗೊತ್ತು ಅನ್ನಿಸಿಕೊಳ್ಳುವ ಆಸೆ. ಅಸ್ಗರಿ ಎದ್ದು ಗೋಡೆಯ ಹತ್ತಿರ ಹೋದಳು. ಹೊದಿಕೆಯ ಮೇಲೆ ತಾಯಿ ಮಗುವಿನ ಚಿತ್ರವಿದ್ದ ಒಂದನ್ನು ತೆಗೆದಳು. ಮುದ್ದಾಗಿತ್ತು.

“ಇದು ಅವರು ಏಳ್ತಿದ್ದ ಪುಸ್ತಕ,” ಅಂದಳು.

ಮುತ್ತಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡು ಚೀಲಕ್ಕೆ ಹಾಕಿಕೊಂಡಳು.

ಹದಿನೆಂಟು ದಿನಕ್ಕೆ ವಾಪಸ್ ಬಂದಳು. ಗುಡಿಗೆ ಹೋಗಿರಲಿಲ್ಲ, ಇದಕ್ಕೇ ಬಂದಿದ್ದಳು. ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಗಲಾಟೆ ಮಾಡಲಿಲ್ಲ.

“ಇದನ್ನ ನೀವು ಓದಿದ್ರಾ?”

“ಇಲ್ಲ.”

“ಅವ್ರು ಓದಿದ್ರಾ?”

“ಗೊತ್ತಿಲ್ಲ.”

“ಗೊತ್ತಿಲ್ದೆ ಅವ್ರ್ ಎಸ್ರು ಏಳುದ್ರಾ?”

ಅಸ್ಗರಿ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು.

“ನನ್ ಮಗಳು ಮಮತಂಗೆ ಏಳು ತಿಂಗಳಿಗೆ ಕೂಸು ಓಗ್ಬುಡ್ತು. ಯಾರ್ ಕೂಡ್ಲೂ ಮಾತಾಡ್ತಿರ್ನಿಲ್ಲ, ಅದಕ್ಕೇ ಬಂದಿದ್ದೆ ನಾನು. ಇದ್ರಲ್ಲೂ ಒಂದು ಕೂಸು ಸಾಯ್ತದೆ. ಊರೋರೆಲ್ಲ ಸೇರ್ಕಂಡು ತಾಯಿನೇ ಅನ್ತಾರೆ, ನಿಂದೇ ತಪ್ಪು ಅಂತ. ನನ್ ಮಗಳು ಅದನ್ನ ಓದಿ ಎರಡು ದಿನ ಬಾಯಿಗೆ ನೀರು ಬುಟ್ಕನಿಲ್ಲ.”

“ನಂಗೆ ತಿಳೀನಿಲ್ಲ ಮುತ್ತಮ್ಮ.”

“ಎಂಗ್ ತಿಳೀತದೆ? ಜಹೀರಣ್ಣ ಮೊದ್ಲು ಕೂರಿಸ್ಕಂಡು ಮನೇಲಿ ಏನಾಗದೆ ಅಂತ ಕೇಳೋರು. ನಮ್ಮೆಜಮಾನ್ರು ಕುಡಿಯೋಕ್ ಬಿದ್ದಾಗ್ಲೂ ಕೇಳುದ್ರು, ನಮ್ಮತ್ತೆ ಸತ್ತಾಗ್ಲೂ ಕೇಳುದ್ರು. ಆಮೇಲೇ ಪುಸ್ತಕ ತೆಗೆಯೋರು. ನೀವು ಕೇಳ್ನಿಲ್ಲ.” ಅವಳು ಎದ್ದಳು. “ದುಡ್ಡು ಬ್ಯಾಡಿ. ಇದನ್ನ ಮನೇಲಿ ಇಟ್ಕಳಕ್ಕಾಗಕಿಲ್ಲ, ಅದಕ್ಕೇ ತಂದೆ.”

ನಾಗಮಂಗಲದ ಬಸ್ಸು ಬರುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಅವಳು ಅಂಗಡಿಯಲ್ಲಿ ಕೂರಲಿಲ್ಲ, ಬಿಸಿಲಲ್ಲಿ ಹೋಗಿ ನಿಂತಳು.

ಆ ದಿನದಿಂದ ಅಸ್ಗರಿ ಯಾರಿಗೂ ಪುಸ್ತಕ ಹೇಳಲಿಲ್ಲ. ಕೇಳಿದವರಿಗೆ, ಗೋಡೆ ಅಲ್ಲಿದೆ, ನೋಡಿಕೊಳ್ಳಿ ಅಂದಳು. ಬಹಳ ಜನ ನೋಡಿ ಹೋದರು. ಮುತ್ತಮ್ಮನ ಮಗಳ ವಿಷಯ ಅವಳ ಎದೆಯ ಮೇಲೆ ಕೂತಿತು. ತನ್ನ ಸುಳ್ಳು ಅವನ ಹೆಸರಿಗೆ ಅಂಟಿದ್ದು ಇನ್ನೊಂದು. ಆ ಮನೆಯಲ್ಲಿ ಇನ್ನು ಅವನ ಮಾತು ಬಂದರೆ ಈ ಪುಸ್ತಕವೂ ಬರುತ್ತದೆ.

ಏಪ್ರಿಲ್‌ನಲ್ಲಿ ಅಂದಾನಯ್ಯ ಗೋಣಿದಾರ ತಂದು ಹಾಕಿದರು. ಮೈಸೂರಿನ ಹಳೇ ಪುಸ್ತಕದವನು ಎಲ್ಲವನ್ನೂ ಒಟ್ಟಿಗೆ ಒಯ್ಯುತ್ತಾನೆ, ನಿಧಾನವಾಗಿ ಕಟ್ಟು ಕಟ್ಟುತ್ತಿರು ಅಂದರು. ಅಸ್ಗರಿ ದಿನಕ್ಕೊಂದು ಸಾಲು ಇಳಿಸಿದಳು. ಬಾಗಿಲ ಬೆಳಕಿನಲ್ಲಿ ಕೂತು ಕಟ್ಟುವಾಗ ಅವಳಿಗೊಂದು ಕಂಡಿತು. ಹಳೆಯ ಪುಸ್ತಕಗಳ ಹಾಳೆ ತಲೆಯ ಕಡೆ ಕಂದಾಗಿತ್ತು, ಬುಡದ ಕಡೆ ಬೆಳ್ಳಗಿತ್ತು. ಗಾಳಿ ಬೆಳಕು ಬೀಳುವ ಕಡೆ ಕಂದಾಗುತ್ತದೆ. ಅದು ಧೂಳಲ್ಲ, ಒದ್ದೆ ಬಟ್ಟೆಗೆ ಹೋಗುವುದಿಲ್ಲ.

ಕಟ್ಟಿದ್ದ ಕಟ್ಟುಗಳನ್ನೆಲ್ಲ ಬಿಚ್ಚಿದಳು. ನಾಲ್ಕು ದಿನ ಒಂದೊಂದನ್ನೇ ಬೆಳಕಿಗೆ ಹಿಡಿದಳು. ಅವನು ತಿರುಗಿಸಿ ಇಟ್ಟ ಬಹಳಷ್ಟು ಪುಸ್ತಕ ತಿಂಗಳೊಪ್ಪತ್ತಿನಲ್ಲಿ ಹೋಗುತ್ತಿದ್ದವು. ಹೋಗದೆ ಉಳಿದವೂ ಈಚಿನವು, ಕಂದಾಗುವಷ್ಟು ದಿನ ನಿಂತಿರಲಿಲ್ಲ. ಐನೂರು ಚಿಲ್ಲರೆ ನೋಡಿದ ಮೇಲೆ ಒಂದು ಸಿಕ್ಕಿತು. ಬುಡದಲ್ಲಿ ಬೆಲ್ಲದ ಬಣ್ಣ. ತಲೆಯಲ್ಲಿ ಬಿಳುಪು. ಹತ್ತು ವರ್ಷವಾದರೂ ತಲೆಕೆಳಗೆ ನಿಂತಿರಬೇಕು. ಅವನು ಹೇಳುತ್ತಲೇ ಇದ್ದ, ಯಾರೂ ಒಯ್ದಿರಲಿಲ್ಲ.

ಅದನ್ನು ಮನೆಗೆ ಒಯ್ದಳು. ಬೆಳಗಿನ ಫಜರ್ ನಮಾಜು ಮುಗಿಸಿ ಕಿಟಕಿಯ ಹತ್ತಿರ ಕೂತು ಅಕ್ಷರಕ್ಕೆ ಅಕ್ಷರ ಕೂಡಿಸಿದಳು. ಮೊದಲ ದಿನ ನಾಲ್ಕು ಸಾಲು. ವಾರದ ಮೇಲೆ ಒಂದು ಪುಟ, ಆಮೇಲೆ ಎರಡು. ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದಳು, ಅಂಗಡಿಗೆ ತಂದು ಸಿದ್ದೇಶನನ್ನು ಕೇಳುತ್ತಿದ್ದಳು. ಕತೆ ಇಷ್ಟೇ. ಒಬ್ಬ ಮನುಷ್ಯನಿಗೆ ಕೆರೆಯ ನೀರು ಅಳೆಯುವ ಕೆಲಸ. ದಿನಾ ಹೋಗುತ್ತಾನೆ, ಅಳೆಯುತ್ತಾನೆ, ಬರುತ್ತಾನೆ. ಹೆಂಡತಿ ಗಂಜಿ ಬಡಿಸುತ್ತಾಳೆ. ಮಾರನೆಯ ದಿನ ಮತ್ತೆ ಹೋಗುತ್ತಾನೆ. ಅವಳು ಎಲ್ಲಿ ಏನಾಗುತ್ತದೆ ಅಂತ ಕಾದಳು. ಎಲ್ಲಾದರೂ ಪೆನ್ಸಿಲಿನ ಗೆರೆ ಇದೆಯಾ ಅಂತ ಹುಡುಕಿದಳು. ಒಂದು ಗೆರೆ ಇರಲಿಲ್ಲ. ಪುಸ್ತಕ ಮಾರುವುದಕ್ಕೆ ಇರುವುದು, ಗುರುತು ಮಾಡುವವನಲ್ಲ ಅವನು.

ನಡುವೆ ಸಿದ್ದೇಶ ಒಂದು ವಾರದ ಮಟ್ಟಿಗೆ ಅದನ್ನು ಒಯ್ದು ಓದಿದ.

“ಎಂಗದೆ?” ಎಂದು ಕೇಳಿದಳು.

“ನಿಜ ಏಳ್ಲಾ ಅಕ್ಕ? ಇಪ್ಪತ್ತು ಪುಟಕ್ಕೆ ನಿದ್ದೆ ಬಂದ್ಬುಡ್ತು. ಅಣ್ಣ ಇದನ್ನ ನಂಗೂ ಕೊಡಕ್ಕೆ ಬಂದಿದ್ರೇನೋ, ನಾನೇ ಬ್ಯಾಡ ಅಂದಿದ್ನೇನೋ, ಗ್ಯಾನ ಇಲ್ಲ.”

ಮೇ ಇಪ್ಪತ್ತೆರಡಕ್ಕೆ ಅವಳು ಕೊನೆಯ ಪುಟ ಮುಟ್ಟಿದಳು. ಕೆರೆಯವನು ಅಳೆದು ಮನೆಗೆ ಬಂದ, ಅಲ್ಲಿಗೆ ಮುಗಿಯಿತು. ಅವಳು ಹುಟ್ಟಿ ಐವತ್ತಮೂರು ವರ್ಷಕ್ಕೆ ಓದಿದ ಮೊದಲ ಕತೆ ಪುಸ್ತಕ. ಅವಳಿಗೆ ಹಿಡಿಸಲಿಲ್ಲ. ಅವನು ಇದ್ದಿದ್ದರೆ, ಇದರಲ್ಲಿ ಏನಿದೆ ರೀ, ಸುಮ್ಮನೆ ಹೋಗುತ್ತಾನೆ ಬರುತ್ತಾನೆ ಅನ್ನುತ್ತಿದ್ದಳು. ಅವನು ಊಟ ಬಿಟ್ಟು ಉತ್ತರ ಹೇಳುತ್ತಿದ್ದ. ಅವಳಿಗೆ ಆ ಉತ್ತರ ಬೇಕಿತ್ತು. ಪುಸ್ತಕವನ್ನು ಹಿಂದಕ್ಕೂ ಮುಂದಕ್ಕೂ ತಿರುವಿದಳು. ಅದರಲ್ಲಿ ಅದು ಇರಲಿಲ್ಲ.

ಅಂಗಡಿಗೆ ತಂದು ಅಂದಾನಯ್ಯನಿಗೆ ತೋರಿಸಿದಳು. ಅವರು ಕನ್ನಡಕ ಹಾಕಿ ಬುಡ ನೋಡಿದರು, ತಲೆ ನೋಡಿದರು.

“ಅವನು ತಿರುಗ್ಸಿದ್ದೇ ಇರ್ಬೋದು. ಇಲ್ದೇನೂ ಇರ್ಬೋದು ತಾಯಿ. ಇಂಥವು ಬೆಂಗಳೂರಿಂದ ಬರೋವಾಗ್ಲೇ ಹಳೇವಾಗಿರ್ತವೆ. ಅಲ್ಲೇ ಗೋಡೌನಲ್ಲಿ ಉಲ್ಟಾ ಪೇರಿಸಿ ವರ್ಷಗಟ್ಲೆ ಬುಟ್ಟಿರ್ತಾರೆ.”

“ಅಂಗಾದ್ರೆ ಇದು ಅವರದ್ದಲ್ವಾ?”

“ಅಲ್ಲ ಅಂತ ಏಳ್ನಿಲ್ಲ. ಔದು ಅಂತ್ಲೂ ಏಳಕ್ಕಾಗಕಿಲ್ಲ. ಅವನ್ನೇ ಕೇಳ್ಬೇಕು.”

ಲಗೇಜ್ ಆಟೋ ಬಾಗಿಲಿಗೆ ಬಂದು ನಿಂತಿತ್ತು. ಡ್ರೈವರು ಕಟ್ಟುಗಳನ್ನು ಒಂದೊಂದಾಗಿ ಹೊತ್ತು ಹಾಕುತ್ತಿದ್ದ. ಮುತ್ತಮ್ಮ ವಾಪಸ್ ತಂದಿದ್ದು ಯಾವುದೋ ಕಟ್ಟಿನ ನಡುವೆ ಹೋಯಿತು. ಗೋಡೆಯ ಹಲಗೆಗಳು ಬರಿದಾಗಿ, ಹಿಂದಿನ ಸುಣ್ಣ ಕಂಡಿತು. ಕೊನೆಯ ಕಟ್ಟಿಗೆ ದಾರ ಬಿಗಿಯುವ ಮೊದಲು ಅಸ್ಗರಿ ಕೈಯಲ್ಲಿದ್ದುದನ್ನು ಅದರ ಮೇಲಿಟ್ಟಳು.

“ಅಯ್ಯೋ, ಅದು ಇರ್ಲಿ ಕಣವ್ವ,” ಅಂದರು ಅಂದಾನಯ್ಯ. “ನೆನಪಿಗೆ ಇಟ್ಕ.”

“ಅವರದೋ ಅಲ್ವೋ ಗೊತ್ತಿಲ್ದಿರೋದನ್ನ ಏನಂತ ನೆನಪು ಇಟ್ಕಳ್ಲಿ ಅಯ್ಯ?”

ಅವಳು ದಾರ ಎಳೆದು ಗಂಟು ಹಾಕಿದಳು.

ಸೋಮವಾರ ಜೆರಾಕ್ಸ್ ಮಿಷನ್ ಬಂತು. ಕಂಪನಿಯವನು ಬಂದು ಹಾಳೆ ಎಲ್ಲಿ ಇಡಬೇಕು, ಯಾವ ಗುಂಡಿ ಒತ್ತಬೇಕು ಅಂತ ಹೇಳಿಕೊಟ್ಟ. ಒಂದೇ ಸಲಕ್ಕೆ ಕಲಿತಳು. ಮಧ್ಯಾಹ್ನ ಅರ್ಜಿಯ ಕಾಗದ ಹಿಡಿದುಕೊಂಡು ಒಬ್ಬ ಹೆಂಗಸು ಬಂದು, ಖಾಲಿ ಗೋಡೆಯ ಕಡೆ ನೋಡಿ, ಇಲ್ಲಿ ಒಬ್ಬರು ಸಾಬರು ಒಳ್ಳೊಳ್ಳೆ ಪುಸ್ತಕ ಹೇಳುತ್ತಿದ್ದರಲ್ಲ ಎಂದು ಕೇಳಿದಳು.

“ತೀರ್ಕಂಡ್ರು,” ಅಂದಳು ಅಸ್ಗರಿ. “ಎಷ್ಟು ಕಾಪಿ?”